ಸಡ್ಡಕನ ಸುಣ್ಣದ ಡಬ್ಬಿ

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥವರು ಸಿಕ್ಕಾಗ ನಾನು ಕೇಳುವ ಮೊದಲ ಪ್ರಶ್ನೆ, "ನಿಮಗ ಸಡ್ಡಕರು ಅದಾರೇನ್ರಿ?" ಎಂಬುದು. ಬಹಳ ಮಾಡಿ ಇರುವುದಿಲ್ಲ. ಇದ್ದರೂ ಆತ ಇವರಿಗಿಂತ ಸಣ್ಣ ನೌಕರಿಯವನೋ, ನಾಲ್ಕು ಮಂದಿಯ ಮುಂದೆ ಮಾತು ಬಾರದವನೋ, ಮಾವನ ಮನೆಯ ಕಡೆಗೆ ತಲೆಯೇ ಹಾಕದವನೋ ಆಗಿರುತ್ತಾನೆ. ಅಂಥ ಸಡ್ಡಕನನ್ನು ಇಟ್ಟುಕೊಂಡು ಉಪದೇಶ ಮಾಡುವುದು ಸುಲಭ. ಸಡ್ಡಕ ಎಂದರೆ ಹೆಂಡತಿಯ ಅಕ್ಕನದೋ ತಂಗಿಯದೋ ಗಂಡ. ಮಾವನ ಮನೆಯಲ್ಲಿ ಒಬ್ಬನೇ ಅಳಿಯ ಇರುವತನಕ ಅವನು ಮುಟ್ಟಿದ್ದೆಲ್ಲ ಬಂಗಾರ. ಎರಡನೆಯವನು ಬಂದ ದಿನ ಪಡಸಾಲೆಯಲ್ಲಿ ಕಣ್ಣಿಗೆ ಕಾಣದ ಒಂದು ತಕ್ಕಡಿ ತೂಗುಬೀಳುತ್ತದೆ. ಆಮೇಲೆ ಒಬ್ಬನನ್ನು ಒಂದು ತಟ್ಟೆಯಲ್ಲಿ, ಇನ್ನೊಬ್ಬನನ್ನು ಮತ್ತೊಂದರಲ್ಲಿ ಕೂಡಿಸಿ ಅತ್ತೆ, ಮಾವ, ಹೆಂಡತಿ, ನೆರೆಹೊರೆಯವರು ಎಲ್ಲರೂ ಮುಳ್ಳನ್ನೇ ನೋಡುತ್ತ ನಿಲ್ಲುತ್ತಾರೆ. ನನ್ನ ತಟ್ಟೆ ಮೇಲಕ್ಕೆ ಹೋಯಿತು. ತಕ್ಕಡಿಯಲ್ಲಿ ಮೇಲಕ್ಕೆ ಹೋದದ್ದು ಹಗುರು ಎಂಬುದನ್ನು ಗಣಿತದ ಮಾಸ್ತರನಾದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಡ್ಡಕನ ಹೆಸರು ಶಿವಾನಂದ. ನನ್ನ ಹೆಂಡತಿ ಗಂಗವ್ವನ ತಂಗಿಯನ್ನು ಮದುವೆಯಾದವನು. ರಾಮದುರ್ಗದಲ್ಲಿ ಸೀರೆ ಅಂಗಡಿ ಇತ್ತು. ಇದು ಎಪ್ಪತ್ತರ ದಶಕದ ಮಾತು. ಗಂಡಸರು ಕಿವಿಯ ಮುಂದೆ ಅಂಗೈಯಗಲ ಕೂದಲು ಬಿಟ್ಟುಕೊಂಡು, ಪಾದ ಮುಚ್ಚುವಷ್ಟು ಅಗಲದ ಬೆಲ್ ಬಾಟಮ್ ಪ್ಯಾಂಟು ತೊಟ್ಟು ತಿರುಗುತ್ತಿದ್ದ ಕಾಲ. ಶಿವಾನಂದನಿಗೆ ಎರಡೂ ಒಪ್ಪುತ್ತಿದ್ದವು. ನನಗೆ ಕಿವಿಯ ಮುಂದೆ ಬಿಡುವುದಕ್ಕೆ ಮೇಲಿನಿಂದ ಸರಬರಾಜೇ ಇರಲಿಲ್ಲ. ನನ್ನ ಕೂದಲು ಮದುವೆಯ ಫೋಟೊದಲ್ಲಿ ಕಡೆಯದಾಗಿ ಕಾಣಿಸಿಕೊಂಡು ಹೊರಟುಹೋಗಿತ್ತು. ಅವನು ಮಾವನ ಊರಾದ ನೇಸರಗಿಗೆ ಮೋಟಾರ್ ಸೈಕಲ್ಲಿನ ಮೇಲೆ ಬರುತ್ತಿದ್ದ. ಊರ ಹೊರಗಿನ ತಿರುವಿನಲ್ಲೇ ಅದರ ಸದ್ದು ಕೇಳಿ ಅತ್ತೆ ಚಹಾಕ್ಕೆ ಇಡುತ್ತಿದ್ದರು. ನಾನು ಬೈಲಹೊಂಗಲದಿಂದ ಕೆಂಪು ಬಸ್ಸಿನಲ್ಲಿ ನಿಂತು ಬರುತ್ತಿದ್ದೆ. ಬಸ್ಸಿನ ಸದ್ದಿಗೆ ಯಾರೂ ಚಹಾಕ್ಕೆ ಇಡುವುದಿಲ್ಲ, ಅದರಲ್ಲಿ ಯಾರು ಬೇಕಾದರೂ ಇರಬಹುದಲ್ಲ. ಇಷ್ಟಾದರೂ ಅವನ ಮೇಲೆ ಸಿಟ್ಟು ಮಾಡಲು ಅವನು ಒಂದು ಅವಕಾಶ ಕೊಡುತ್ತಿರಲಿಲ್ಲ. ಕಂಡ ಕೂಡಲೆ ಬಗ್ಗಿ ನಮಸ್ಕಾರ ಮಾಡಿ, "ಅಣ್ಣಾರ, ಆರಾಮ ಅದೀರಿ?" ಎನ್ನುತ್ತಿದ್ದ. ಅವನನ್ನು ನೋಡುವವರೆಗೂ ಆರಾಮ ಇದ್ದೆ ಎಂದು ಹೇಳುವುದು ಹೇಗೆ?

ನಾಗರ ಪಂಚಮಿ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಉಂಡಿ ತಿನ್ನುತ್ತಾರೆ, ಜೋಕಾಲಿ ಜೀಕುತ್ತಾರೆ. ಗಂಡಸರು ಇಸ್ಪೀಟು ಆಡುತ್ತಾರೆ. ವರ್ಷವೆಲ್ಲ ಇಸ್ಪೀಟು ಕಂಡರೆ ಮುಖ ತಿರುಗಿಸುವ ಹಿರಿಯರೂ ಪಂಚಮಿಗೆ ಮಾತ್ರ ತಾವೇ ಕಂಬಳಿ ಹಾಸಿ ಕೂಡುತ್ತಾರೆ. ನೇಸರಗಿಯ ನನ್ನ ಮಾವನವರ ಓಣಿಯಲ್ಲಿ ಇದಕ್ಕೊಂದು ವಿಶೇಷ ಪದ್ಧತಿ ಇತ್ತು. ಹೆಂಡಂದಿರನ್ನು ಕರೆದೊಯ್ಯಲು ಬಂದ ಅಳಿಯಂದಿರನ್ನೆಲ್ಲ ಮಾವನವರ ಕಟ್ಟೆಯ ಮೇಲೆ ಕೂಡಿಸಿ ಮೂರೆಲೆಯ ಪಂದ್ಯ ನಡೆಸುತ್ತಿದ್ದರು. ರೊಕ್ಕದ ಮಾತೇ ಇಲ್ಲ. ಒಬ್ಬೊಬ್ಬನಿಗೆ ಒಂದು ಬಟ್ಟಲು ಹುಣಸೆಬೀಜ. ಮೂರು ಮೂರು ಎಲೆ ಹಂಚುವುದು, ಬೀಜ ಇಡುವುದು, ಯಾರ ಎಲೆ ದೊಡ್ಡದೋ ಅವನು ನಡುವಿನ ಬೀಜವನ್ನೆಲ್ಲ ಬಾಚಿಕೊಳ್ಳುವುದು. ಬಟ್ಟಲು ಬರಿದಾದವನು ಎದ್ದು ಹೋಗಿ ಉಂಡಿ ತಿನ್ನುವುದು. ಕಡೆಗೆ ಉಳಿದವನಿಗೆ ಅವನ ಮಾವ ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ತನ್ನ ಕೈಯಾರೆ ಜರಿ ರುಮಾಲು ಸುತ್ತುವುದು. ಆ ರುಮಾಲು ನನಗೆ ಬೇಕಾಗಿತ್ತು. ಮರ್ಯಾದೆಗೆ ಮರ್ಯಾದೆ, ಮೇಲೆ ನನ್ನಂಥ ತಲೆಯವನಿಗೆ ರುಮಾಲು ಅಲಂಕಾರವಷ್ಟೇ ಅಲ್ಲ, ಅವಶ್ಯಕತೆಯೂ ಹೌದು. ಶಿವಾನಂದ ಮದುವೆಯಾಗಿ ಬಂದ ಮೊದಲ ಪಂಚಮಿಗೇ ಅದನ್ನು ಗೆದ್ದುಕೊಂಡ. ಅಷ್ಟು ಕೂದಲಿನ ಮೇಲೆ ರುಮಾಲು ನಿಲ್ಲಲೇ ಇಲ್ಲ, ಜಾರಿ ಜಾರಿ ಬೀಳುತ್ತಿತ್ತು. ನೋಡಿದವರೆಲ್ಲ ಅದನ್ನೂ ಮೆಚ್ಚಿ ನಕ್ಕರು.

ಶ್ರಾವಣದಲ್ಲಿ ನೇಸರಗಿಯ ಗಾಳಿ ಎಂದರೆ ಸಾಮಾನ್ಯವಲ್ಲ. ಕಟ್ಟೆಯ ಮೇಲೆ ಹಂಚಿದ ಎಲೆ ಹಾರಿ ಗಟಾರಕ್ಕೆ ಬಿದ್ದದ್ದೂ ಉಂಟು. ಅದಕ್ಕೇ ಪ್ರತಿಯೊಬ್ಬ ಆಟಗಾರನೂ ತನ್ನ ಎಲೆಗಳ ಮೇಲೆ ಒಂದು ಭಾರ ಇಡಬೇಕು ಎಂಬ ನಿಯಮವಾಯಿತು. ಬರಬರುತ್ತ ಆ ಭಾರಕ್ಕೆ ಗಾಳಿಗಿಂತ ದೊಡ್ಡ ಕೆಲಸ ಬಂತು. ಭಾರ ಇದ್ದರೆ ಎಲೆ ಜೀವಂತ; ಭಾರ ತೆಗೆದರೆ ಆಟ ಬಿಟ್ಟ ಹಾಗೆ. ಎಲೆ ನೋಡುವುದಿದ್ದರೂ ಭಾರ ಹಾಗೇ ಇಟ್ಟು ಅಂಚನ್ನಷ್ಟೇ ಎತ್ತಿ ನೋಡಬೇಕು. ಹಂಚುವವನು ಕೂಡಲೆ ಆ ಎಲೆಗಳನ್ನು ಎಳೆದು ನಡುವಿನ ರಾಶಿಗೆ ಸೇರಿಸುತ್ತಿದ್ದ. ರಾಶಿಗೆ ಬಿದ್ದ ಎಲೆ ಮತ್ತೆ ಏಳುವಂತಿಲ್ಲ. ಹೀಗಾಗಿ ಒಬ್ಬೊಬ್ಬನೂ ಒಂದೊಂದು ಭಾರ ತರುತ್ತಿದ್ದ. ಸವದತ್ತಿಯ ಕಡೆಯ ಒಬ್ಬ ಅಳಿಯ ಅತ್ತೆ ಕೊಟ್ಟ ಶೇಂಗಾದ ಉಂಡಿಯನ್ನೇ ಎಲೆಗಳ ಮೇಲೆ ಇಟ್ಟು, ಆಟದ ಬಿಸಿಯಲ್ಲಿ ಅದನ್ನೇ ತಿಂದು ಪಂದ್ಯ ಕಳೆದುಕೊಂಡ. ಕಿತ್ತೂರಿನ ಅಳಿಯನೊಬ್ಬ ತನ್ನ ಕನ್ನಡಕ ಇಡುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ಎಲೆ ಕಾಣುತ್ತಿರಲಿಲ್ಲ. ಕನ್ನಡಕ ಎತ್ತಿದರೆ ಆಟ ಮುಗಿಯುತ್ತಿತ್ತು. ಪಾಪ, ಪ್ರತಿಯೊಂದು ಆಟವನ್ನೂ ಕುರುಡಾಗಿಯೇ ಆಡುತ್ತಿದ್ದ, ಮತ್ತು ಬಹುಸಲ ನನಗಿಂತ ಹೆಚ್ಚು ಹೊತ್ತು ಉಳಿಯುತ್ತಿದ್ದ. ನಾನು ಇಡುತ್ತಿದ್ದದ್ದು ನನ್ನ ಚಂಚಿ, ಅಂದರೆ ಅಡಿಕೆ ತಂಬಾಕು ಇಡುವ ಬಟ್ಟೆಯ ಚೀಲ. ಬಣ್ಣ ಮಾಸಿತ್ತು, ಲಾಡಿ ಹರಿದು ಗಂಟು ಬಿದ್ದಿತ್ತು.

ಹಂಚುವವರು ಗುರುಸಿದ್ದಪ್ಪಜ್ಜ. ಓಣಿಯಲ್ಲಿ ಯಾರಿಗೂ ಮಾವನಲ್ಲದ, ಅಳಿಯನಲ್ಲದ ಮನುಷ್ಯ ಅವರೊಬ್ಬರೇ ಆದ್ದರಿಂದ ಪಕ್ಷಪಾತದ ಭಯವಿಲ್ಲ ಎಂದು ಆರಿಸಿದ್ದರು. ಪಕ್ಷಪಾತ ಮಾಡಬೇಕಾದರೂ ಎದುರಿಗೆ ಕೂತವನು ಯಾರೆಂದು ಕಾಣಿಸಬೇಕಲ್ಲ. ಅಜ್ಜನಿಗೆ ಎರಡೂ ಕಣ್ಣಿಗೆ ಪೊರೆ. ಒಬ್ಬನಿಗೆ ನಾಲ್ಕು ಎಲೆ ಹಾಕುತ್ತಿದ್ದರು, ಪಕ್ಕದವನಿಗೆ ಎರಡು. ಕೆಲವೊಮ್ಮೆ ಎಲೆ ಮುಖ ಮೇಲಾಗಿ ಬಿದ್ದು ಊರಿಗೆಲ್ಲ ಕಾಣುತ್ತಿತ್ತು. ಯಾರಾದರೂ ತಪ್ಪು ತೋರಿಸಿದರೆ ಎಲ್ಲ ಎಲೆ ಕೂಡಿಸಿಕೊಂಡು ಮೊದಲಿನಿಂದ ಹಂಚುತ್ತಿದ್ದರು, ಬೇಸರವಿಲ್ಲದೆ. ಆದರೆ ಒಂದು ವಿಷಯದಲ್ಲಿ ಮಾತ್ರ ಅವರನ್ನು ಅಲುಗಿಸುವುದು ಸಾಧ್ಯವಿರಲಿಲ್ಲ. ಎಲೆ ಕಾಣದಿದ್ದರೂ ಎಲೆಯ ಮೇಲೆ ಭಾರ ಇದೆಯೋ ಇಲ್ಲವೋ ಎಂಬುದು ಅವರಿಗೆ ಮಸುಕಾಗಿಯಾದರೂ ಕಾಣುತ್ತಿತ್ತು, ಮತ್ತು ಭಾರವಿಲ್ಲದ್ದು ಕಂಡಿತೋ, ಹದ್ದು ಎರಗಿದ ಹಾಗೆ ಕೈ ಬರುತ್ತಿತ್ತು.

ಶಿವಾನಂದ ಇಡುತ್ತಿದ್ದ ಭಾರ ಬೆಳ್ಳಿಯ ಸುಣ್ಣದ ಡಬ್ಬಿ. ಮುಚ್ಚಳದ ಮೇಲೆ ಒಂದು ನವಿಲು. ಅವನ ಅಜ್ಜನ ಕಾಲದ್ದಂತೆ. ಬಿಸಿಲು ಬಿದ್ದರೆ ಆ ನವಿಲು ಹೊಳೆದು ನನ್ನ ಕಣ್ಣಿಗೇ ಬಂದು ಚುಚ್ಚುತ್ತಿತ್ತು. ಆಟಕ್ಕೆ ಕೂತಾಗ ನಾನು ನನ್ನ ಎಲೆ ನೋಡಿಕೊಳ್ಳುವುದಕ್ಕಿಂತ ಆ ಡಬ್ಬಿಯನ್ನು ನೋಡುತ್ತಿದ್ದುದೇ ಹೆಚ್ಚು. ಅವನು ಗೆಲ್ಲುವುದು ಜಾಣತನದಿಂದಲ್ಲ, ಡಬ್ಬಿಯ ಬಲದಿಂದ ಎಂದು ನನಗೆ ಖಾತ್ರಿಯಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುತ್ತೀರಿ. ಅನ್ನಿ. ಆದರೆ ಆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಅವಳಾದರೂ ಏನು ಮಾಡಬೇಕು?

ಮರುವರ್ಷ ಪಂಚಮಿಗೆ ಹೆಂಡತಿ ನನಗಿಂತ ಮುಂಚೆ ತವರಿಗೆ ಹೋಗುತ್ತ ಬಾಗಿಲಲ್ಲಿ ನಿಂತು ಹೇಳಿದಳು: "ಈ ಸಲ ಒಂದಿಷ್ಟು ಲಕ್ಷ್ಯ ಇಟ್ಟ ಆಡ್ರಿ. ಹೋದ ವರ್ಷ ನಮ್ಮ ಶಿವಾನಂದ ರುಮಾಲ ಸುತ್ತಿಸಿಕೊಂಡಾಗ ನಮ್ಮಪ್ಪನ ಮಾರಿ ನೋಡಬೇಕಾಗಿತ್ತ ನೀವು."

"ನೋಡೇನಿ," ಎಂದೆ.

"ಹಿರೀ ಅಳ್ಯಾ ನೀವು. ನಿಮ್ಮ ತಲಿಗೂ ಒಮ್ಮೆ ಸುತ್ತಲಿ ಅಂತ ನಮ್ಮವ್ವಗೂ ಆಸೆ ಐತಿ."

'ನಮ್ಮ ಶಿವಾನಂದ' ಎಂಬುದು ನನಗೆ ಬಸ್ಸಿನಲ್ಲಿ ನೇಸರಗಿಯವರೆಗೂ ಚುಚ್ಚುತ್ತಲೇ ಇತ್ತು. ಹನ್ನೆರಡು ವರ್ಷ ಸಂಸಾರ ಮಾಡಿದರೂ ನನ್ನನ್ನು ಆಕೆ ಯಾರ ಮುಂದೆಯೂ 'ನಮ್ಮ' ಎಂದು ಕರೆದದ್ದು ಕೇಳಿಲ್ಲ. 'ಇವರು' ಎನ್ನುತ್ತಾಳೆ. ಪಕ್ಕದ ಮನೆಯ ಎಮ್ಮೆಗೂ 'ನಮ್ಮ ಎಮ್ಮಿ' ಎಂದು ಹೇಳುವ ಹೆಂಗಸು.

ಆ ಸಲದ ಪಂದ್ಯದಲ್ಲಿ ದೇವರು ನನ್ನ ಕಡೆಗೂ ಕಣ್ಣು ತೆರೆದ. ಬೆಳಗಿನಿಂದ ಒಬ್ಬೊಬ್ಬರೇ ಅಳಿಯಂದಿರು ಬಟ್ಟಲು ಬೋರಲು ಹಾಕಿ ಎದ್ದುಹೋದರು. ಊಟದ ಹೊತ್ತಿಗೆ ಕಟ್ಟೆಯ ಮೇಲೆ ಉಳಿದವರು ನಾನು ಮತ್ತು ಶಿವಾನಂದ. ಓಣಿಯ ಮಂದಿ ಸುತ್ತಲೂ ನೆರೆದಿತ್ತು. ಬೇವಿನ ಮರದ ಜೋಕಾಲಿಯನ್ನು ಬಿಟ್ಟು ಹೆಣ್ಣುಮಕ್ಕಳೂ ಬಂದು ನಿಂತಿದ್ದರು. ಗಂಗವ್ವ ಮತ್ತು ಅವಳ ತಂಗಿ ಬಾಗಿಲಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಇದ್ದರು. ಅಜ್ಜ ಎಲೆ ಹಂಚಿದರು. ನಾನು ಚಂಚಿ ಇಟ್ಟೆ, ಅವನು ಡಬ್ಬಿ ಇಟ್ಟ. ಶಿವಾನಂದ ಎಲೆ ನೋಡಲೂ ಇಲ್ಲ. ತನ್ನ ಬಟ್ಟಲನ್ನೇ ನಡುವೆ ಸುರಿದುಬಿಟ್ಟ. "ಅಣ್ಣಾರ, ಹಸಿವ್ಯಾಗೇತಿ. ಒಮ್ಮೆಲೆ ಮುಗಿಸೂನು," ಎಂದು ನಕ್ಕ. ಮಂದಿ ಆಹಾ ಎಂದಿತು. ನಾನು ಎಲೆ ನೋಡಿ ಲೆಕ್ಕ ಹಾಕಿದರೆ ಅಂಜುಬುರುಕ ಎನ್ನುತ್ತಾರೆ. ನಾನೂ ನೋಡದೆ ಬಟ್ಟಲು ಸುರಿದೆ. ಯಾರೂ ಆಹಾ ಎನ್ನಲಿಲ್ಲ.

ಇನ್ನೇನು ಎಲೆ ತಿರುವಬೇಕು, ಆಗ ಮಾವನವರು ಎದ್ದು, "ತಡೀರಿ ಅಳ್ಯಾರ, ಒಳಗಿಂದ ರುಮಾಲ ತರತೇನಿ. ನಾ ಬಂದಮ್ಯಾಗ ತೋರಸ್ರಿ," ಎಂದು ಪೆಟ್ಟಿಗೆ ತೆಗೆಯಲು ಹೋದರು. ಆ ಸಮಯದಲ್ಲಿ ಮನುಷ್ಯನಾದವನು ಸುಮ್ಮನೆ ಕೂತು ಶಿವನಾಮ ನೆನೆಯಬೇಕು. ನಾನು ಡಬ್ಬಿ ನೋಡಿದೆ. ನವಿಲು ನನ್ನನ್ನೇ ನೋಡಿ ಕತ್ತು ಕೊಂಕಿಸಿದ ಹಾಗೆ ಇತ್ತು. ಅದರ ಕೆಳಗಿನ ಎಲೆ ದೊಡ್ಡದೇ ಇರುತ್ತದೆ, ಹೋದ ವರ್ಷವೂ ಹೀಗೇ ಆಗಿತ್ತು ಎಂದು ಹೊಟ್ಟೆಯೊಳಗೆ ಬೆಂಕಿ ಎದ್ದಿತು. ಆ ಬೆಂಕಿಯ ಬೆಳಕಿನಲ್ಲೇ ನನಗೊಂದು ಉಪಾಯ ಕಾಣಿಸಿತು. ನಮ್ಮ ಕಡೆ ಸುಣ್ಣ ಕೇಳಿದವನಿಗೆ ಇಲ್ಲ ಎನ್ನುವುದಿಲ್ಲ. ವೈರಿ ಕೇಳಿದರೂ ಡಬ್ಬಿ ಮುಂದೆ ಮಾಡಬೇಕು. ಶಿವಾನಂದ ಡಬ್ಬಿ ಎತ್ತಬೇಕು. ಎತ್ತಿದರೆ ಅವನ ಎಲೆಯ ಮೇಲೆ ಭಾರವಿಲ್ಲ. ಭಾರವಿಲ್ಲದಿದ್ದರೆ ಅಜ್ಜನ ಕೈ. ಗಣಿತದಲ್ಲಿ ಇದಕ್ಕಿಂತ ಚೊಕ್ಕವಾದ ಸಾಧನೆಯನ್ನು ನಾನು ಹುಡುಗರಿಗೆ ಎಂದೂ ಹೇಳಿಕೊಟ್ಟಿಲ್ಲ.

"ಶಿವಾನಂದ, ಒಂಚೂರ ಸುಣ್ಣಾ ಕೊಡಪಾ. ತಂಬಾಕ ಹಾಕೋಬೇಕು," ಎಂದೆ.

"ತಗೋರಿ ಅಣ್ಣಾರ, ಅದಕ್ಕೇನು," ಎಂದವನೇ ಎಡಗೈಯ ತೋರುಬೆರಳನ್ನು ಎಲೆಗಳ ಮೇಲೆ ಒತ್ತಿ ಹಿಡಿದು, ಬಲಗೈಯಿಂದ ಡಬ್ಬಿ ಎತ್ತಿ ನನ್ನ ಮುಂದೆ ಹಿಡಿದ. ಅಂಗಡಿಯಲ್ಲಿ ಗಾಳಿಗೆ ಹಾರುವ ಸೀರೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದನ್ನು ಬಿಚ್ಚಿ ತೋರಿಸುವವನಿಗೆ ಅದು ರೂಢಿ. ಬೆರಳೂ ಭಾರವೇ. ಅಜ್ಜ ಅಲ್ಲಾಡಲಿಲ್ಲ. ನನ್ನ ಸಾಧನೆ ಅಲ್ಲಿಗೆ ಮುರಿದುಬಿತ್ತು. ಆದರೆ ಸುಣ್ಣ ಕೇಳಿದ್ದೇನೆ, ಡಬ್ಬಿ ಮುಂದಿದೆ, ಓಣಿಯೆಲ್ಲ ನೋಡುತ್ತಿದೆ, ಇನ್ನು ಹಾಕಿಕೊಳ್ಳದೆ ಬಿಡುವಂತಿಲ್ಲ. ಎಡ ಅಂಗೈ ಚಾಚಿದೆ, ಬಲಗೈಯ ಹೆಬ್ಬೆರಳಿನ ಉಗುರಿನಿಂದ ಸುಣ್ಣ ತೆಗೆದು ಅಂಗೈಗೆ ಇಟ್ಟೆ. ಸುಣ್ಣ ಬಂತು, ತಂಬಾಕು? ತಂಬಾಕು ಚಂಚಿಯಲ್ಲಿತ್ತು. ಚಂಚಿ ನನ್ನ ಎಲೆಗಳ ಮೇಲಿತ್ತು. ಎಂದಿನ ರೂಢಿಯಂತೆ ಚಂಚಿ ಎತ್ತಿ, ಹಲ್ಲಿನಿಂದ ಲಾಡಿ ಜಗ್ಗಿ, ಒಂದು ಚಿಟಿಕೆ ತಂಬಾಕು ತೆಗೆದು ಎರಡೂ ಕೈಯಿಂದ ತಿಕ್ಕಲು ಸುರು ಮಾಡಿದೆ. ತಂಬಾಕು ತಿಕ್ಕುವುದಕ್ಕೆ ಎರಡು ಕೈ ಬೇಕು. ದೇವರು ಕೊಟ್ಟದ್ದೂ ಎರಡೇ.

ಗುರುಸಿದ್ದಪ್ಪಜ್ಜನ ಕೈ ಬಂದು ಹೋದದ್ದೇ ಕಾಣಲಿಲ್ಲ. "ಮಾಸ್ತರ ಬಿಟ್ಟರಪಾ," ಎಂದು ನನ್ನ ಮೂರೂ ಎಲೆಗಳನ್ನು ರಾಶಿಯ ಮೇಲೆ ಹಾಕಿದರು.

"ಅಜ್ಜಾರ, ನಾ ಬಿಟ್ಟಿಲ್ಲ," ಎಂದೆ. ಬಾಯಲ್ಲಿ ಲಾಡಿ ಇದ್ದುದರಿಂದ ಮಾತು ಸರಿಯಾಗಿ ಹೊರಡಲಿಲ್ಲ.

"ಭಾರಾ ತಗದಾವರು ಯಾರು, ನಾನೋ ನೀವೋ?"

"ತಂಬಾಕ ತಗೊಳ್ಳಾಕ ಎತ್ತಿದ್ನಿ."

"ಯಾತಕ್ಕರ ಎತ್ರಿ. ರಾಶಿಗಿ ಬಿದ್ದದ್ದು ರಾಶಿಗಿ."

ಆಗ ನನ್ನ ಪರವಾಗಿ ವಾದಿಸಲು ಯಾರು ಎದ್ದರೆಂದು ತಿಳಿದಿರಿ? ಅವನೇ. "ಅಜ್ಜಾರ, ಅಣ್ಣಾರು ಸುಣ್ಣಾ ಕೇಳಿದ್ದು ಎಲ್ಲಾರೂ ಕೇಳ್ಯಾರ. ಮ್ಯಾಲಿನ ಮೂರೂ ಅವರವು, ಕೊಟ್ಟಬಿಡ್ರಿ. ಇಂಥಾದ್ರಾಗ ಗೆದ್ದರ ನನಗೂ ಸಮಾಧಾನ ಆಗೂದಿಲ್ಲ," ಎಂದ. ಓಣಿಯ ಮಂದಿ 'ಎಂಥಾ ಮನಸ್ಸ ನೋಡ್ರಿ' ಎಂದು ಲೊಚಗುಟ್ಟಿತು. ಸೋಲನ್ನಾದರೂ ನುಂಗಬಹುದಿತ್ತು; ಅವನ ಶಿಫಾರಸು ಗಂಟಲಲ್ಲೇ ನಿಂತಿತು. ಅಜ್ಜ ಒಪ್ಪಲಿಲ್ಲ. "ನೀ ದೊಡ್ಡ ಮನಸ ಮಾಡಿದಿ ತಮ್ಮಾ. ಪದ್ಧತಿಗಿ ಮನಸ ಇರೂದಿಲ್ಲ," ಎಂದರು. ಶಿವಾನಂದ ತನ್ನ ಎಲೆ ತಿರುವಿದ. ಒಂದು ಒಂಬತ್ತು, ಒಂದು ಆರು, ಒಂದು ಎರಡು, ಬಣ್ಣವೂ ಕೂಡುತ್ತಿರಲಿಲ್ಲ. ಅದಕ್ಕಿಂತ ಬಡ ಎಲೆ ಆ ದಿನ ಕಟ್ಟೆಯ ಮೇಲೆ ಯಾರಿಗೂ ಬಂದಿರಲಿಕ್ಕಿಲ್ಲ. ಅಷ್ಟರಲ್ಲಿ ರುಮಾಲು ಹಿಡಿದು ಬಂದ ಮಾವನವರು ಸಂಗತಿ ಕೇಳಿ, ತಡೆಯಲಾರದೆ ಬಗ್ಗಿ ರಾಶಿಯ ಮೇಲಿನ ನನ್ನ ಎಲೆಗಳನ್ನು ಒಂದೊಂದಾಗಿ ತಿರುವಿದರು. ರಾಜಾ. ರಾಜಾ. ಮೂರನೆಯದೂ ರಾಜಾ. ಬಾಗಿಲಿನಿಂದ ಗಂಗವ್ವನ ಧ್ವನಿ ಬಂತು: "ಆ ತಂಬಾಕ ಬಿಡ್ರಿ ಬಿಡ್ರಿ ಅಂತ ಎಷ್ಟ ಬಡಕೊಂಡೇನಿ ಇವರಿಗೆ."

ಎಲ್ಲರೂ ತಂಬಾಕಿನ ತಪ್ಪು ಎಂದೇ ತಿಳಿದರು. ನಾನೂ ಹೂಂ ಎಂದೆ. ಮಾವನವರು ಎರಡನೆಯ ಸಲವೂ ಅದೇ ಕೂದಲಿನ ಮೇಲೆ ರುಮಾಲು ಸುತ್ತಿದರು, ಅದು ಎರಡನೆಯ ಸಲವೂ ಜಾರಿತು. ನಾನು ಅಂಗೈಯಲ್ಲಿ ತಿಕ್ಕಿದ ತಂಬಾಕನ್ನು ಎಲ್ಲಿ ಹಾಕುವುದು ತಿಳಿಯದೆ ಬಾಯಿಗೆ ಹಾಕಿಕೊಂಡೆ. ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿತು. ಅತ್ತೆ ಮಾಡಿದ ಹೋಳಿಗೆಯ ರುಚಿ ಆ ದಿನ ನನಗೆ ತಿಳಿಯಲಿಲ್ಲ. ಶಿವಾನಂದ ಮಾತ್ರ, ಹಸಿದಿದ್ದೆ ಎಂದವನು, ಇನ್ನೊಂದು ಮತ್ತೊಂದು ಎಂದು ಕೇಳಿ ಹಾಕಿಸಿಕೊಂಡ.

ಮರುದಿನ ಬಸ್ ನಿಲ್ಲುವಲ್ಲಿ ನಾವು ಗಂಡಹೆಂಡಿರು ಗಂಟುಮೂಟೆ ಇಟ್ಟುಕೊಂಡು ನಿಂತಿದ್ದಾಗ ಮೋಟಾರ್ ಸೈಕಲ್ಲಿನ ಸದ್ದಾಯಿತು. ಶಿವಾನಂದ ಇಳಿದು ಬಂದು ನನ್ನ ಅಂಗಿಯ ಕಿಸೆಗೆ ಏನನ್ನೋ ಹಾಕಿದ. ಬೆಳ್ಳಿಯ ಡಬ್ಬಿ. "ಅಣ್ಣಾರ, ಇದು ನಿಮ್ಮ ಕಡೇನ ಇರಲಿ. ನಿಮ್ಮ ಸುಣ್ಣಾ ನಿಮ್ಮ ಹತ್ರ ಇದ್ದರ ಮತ್ತೊಬ್ಬರನ್ನ ಕೇಳೂ ಪ್ರಸಂಗ ಬರೂದಿಲ್ಲ," ಎಂದ. ಮುಖದ ಮೇಲೆ ಎಂದಿನದೇ ನಗು. ಅವನಿಗೆ ನನ್ನ ಉಪಾಯ ತಿಳಿದಿತ್ತೋ ಇಲ್ಲವೋ ಎಂದು ಇಂದಿಗೂ ನಾನು ನಡುನಡುವೆ ಯೋಚಿಸುತ್ತೇನೆ. ತಿಳಿದೂ ಕೊಟ್ಟಿದ್ದರೆ ಅವನಷ್ಟು ಕೆಟ್ಟವನಿಲ್ಲ. ತಿಳಿಯದೆ ಕೊಟ್ಟಿದ್ದರೆ ಇನ್ನೂ ಕೆಟ್ಟದ್ದು, ಅಷ್ಟು ಒಳ್ಳೆಯವನಾಗಿರುವ ಹಕ್ಕು ಸಡ್ಡಕನಿಗೆ ಇರಬಾರದು. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಗಂಗವ್ವ ಅಷ್ಟರಲ್ಲೇ, "ಎಷ್ಟ ಛಂದ ಐತಿ ನವಲಾ," ಎಂದು ಅದನ್ನು ತೆಗೆದು ಸೆರಗಿನಿಂದ ಒರೆಸುತ್ತಿದ್ದಳು.

ಇನ್ನು ಮುಂದಿನ ಪಂಚಮಿಯ ಮಾತು ಹೇಳಿ ಮುಗಿಸುತ್ತೇನೆ. ಅಜ್ಜನ ಕಣ್ಣು ಪೂರ್ತಿ ಮಬ್ಬಾಗಿತ್ತು. ಎದುರಿನ ಭಾರವೂ ಕಾಣದಾಗಿತ್ತು. ಎರಡು ಸಲ ಗೆದ್ದವನೇ ಹಂಚಲಿ ಎಂದು ಹಿರಿಯರು ಶಿವಾನಂದನನ್ನು ಹಂಚಲು ಕೂಡಿಸಿದರು. ಅವನಿಲ್ಲದ ಪಂದ್ಯದಲ್ಲಿ, ನವಿಲಿನ ಡಬ್ಬಿಯನ್ನು ಎಲೆಗಳ ಮೇಲೆ ಇಟ್ಟುಕೊಂಡು, ತಂಬಾಕಿನ ಕಡೆ ಕಣ್ಣೆತ್ತಿಯೂ ನೋಡದೆ ನಾನು ಆಡಿದೆ. ಗೆದ್ದೆ. ಮಾವನವರು ನನ್ನ ತಲೆಗೆ ರುಮಾಲು ಸುತ್ತಿದರು. ಎಲ್ಲೂ ಜಾರಲಿಲ್ಲ, ನನ್ನ ತಲೆಗೆಂದೇ ನೇಯ್ದ ಹಾಗೆ ಕೂತಿತು. ಇಷ್ಟು ವರ್ಷ ಕಾದ ಗಳಿಗೆ ಇದು ಎಂದು ಕತ್ತು ನೆಟ್ಟಗೆ ಮಾಡಿ ಸುತ್ತಲೂ ನೋಡಿದೆ. ಒಬ್ಬರ ಕಣ್ಣೂ ನನ್ನ ಮೇಲೆ ಇರಲಿಲ್ಲ.

"ಏನ ಹಂಚಿದಾನ್ರಿ," ಎನ್ನುತ್ತಿದ್ದರು ಒಬ್ಬರು. "ಒಂದರ ಎಲಿ ತಿರುವಿ ಬಿತ್ತೇನು? ಒಬ್ಬರಿಗರ ಹೆಚ್ಚು ಕಡಿಮಿ ಆತೇನು?"

"ಕೈ ಅಂದ್ರ ಅದು ಕೈ," ಎಂದರು ಗುರುಸಿದ್ದಪ್ಪಜ್ಜ. ಕಾಣದ ಕಣ್ಣಿನಿಂದಲೇ ಮೆಚ್ಚುತ್ತಿದ್ದರು. "ನನಗ ಸಪ್ಪಳ ಕೇಳಿನ ಗೊತ್ತಾತು."

ಬಸ್ಸಿನಲ್ಲಿ ಬರುವಾಗ ಗಂಗವ್ವ ಕಿಟಕಿಯಾಚೆ ನೋಡುತ್ತ, "ನಮ್ಮ ಶಿವಾನಂದ ಹಂಚೂದ ನೋಡಬೇಕಂತನ ನಿನ್ನಿ ಜೋಕಾಲಿಗಿ ಯಾರೂ ಹೋಗಲಿಲ್ಲರಿ," ಎಂದಳು. ರುಮಾಲು ನನ್ನ ತೊಡೆಯ ಮೇಲಿತ್ತು. ಅದರ ಸುದ್ದಿ ಬೈಲಹೊಂಗಲ ಬರುವವರೆಗೂ ಬರಲಿಲ್ಲ.

ಈಗ ಸಾಲೆಯ ನೌಕರಿಯಿಂದ ನಿವೃತ್ತನಾದ ಮೇಲೆ ದಿನವೂ ಸ್ವಲ್ಪ ಹೊತ್ತು ಚಾಪೆ ಹಾಸಿಕೊಂಡು, ಎದುರಿಗೆ ಅಡಿಗೆಮನೆಯ ನಾಲ್ಕು ಬಟ್ಟಲು ಇಟ್ಟು, ಅವುಗಳಿಗೆ ಇಸ್ಪೀಟು ಹಂಚುತ್ತೇನೆ. ಮೊದಮೊದಲು ಎಲೆಗಳು ತಿರುವಿ ಬೀಳುತ್ತಿದ್ದವು. ಒಂದು ಬಟ್ಟಲಿಗೆ ನಾಲ್ಕು ಹೋಗುತ್ತಿದ್ದವು. ಈಗೀಗ ಕೈ ಕೂಡುತ್ತಿದೆ. ಬೆರಳಿಗೆ ಹದ ಬರಲಿ ಎಂದು ತಂಬಾಕು ತಿಕ್ಕುವುದನ್ನೂ ಬಿಟ್ಟಿದ್ದೇನೆ. ಹೆಂಡತಿ ಇಷ್ಟು ವರ್ಷ ಬಡಕೊಂಡರೂ ಆಗದ್ದು ಇದರಿಂದ ಆಯಿತು. ನಿನ್ನೆ ಆಕೆ ಹಪ್ಪಳ ಒಣಗಲು ಹಾಕುತ್ತ ನಿಂತು ನೋಡಿ, "ಹಂಚಾವರಿಗೆ ರುಮಾಲ ಸುತ್ತೂದಿಲ್ಲರಿ, ಗೊತ್ತೈತಿಲ್ಲೊ?" ಎಂದಳು.

ಗೊತ್ತಿದೆ. ರುಮಾಲು ಪೆಟ್ಟಿಗೆಯ ತಳದಲ್ಲಿ ಎಲ್ಲೋ ಇದೆ. ಆವತ್ತಿನಿಂದ ನಾನು ಅದನ್ನು ತೆಗೆದು ನೋಡಿಲ್ಲ.